ಆಟಿಯಲ್ಲಿ ನಮ್ಮ ತರಬೇತಿ: ಯುವಕ ಮಂಡಲದ ಸ್ವಯಂಸೇವಕರ ಜೊತೆ ನನ್ನ ಅನುಭವ

ಮಲ್ಪೆ ಹತ್ತಿರದ ನಮ್ಮ ಯುವಕ ಮಂಡಲಕ್ಕೆ ವಾರದಲ್ಲಿ ಕೆಲವು ಸಂಜೆ ಹೈಸ್ಕೂಲು, ಪಿಯುಸಿ ಮಕ್ಕಳು ಬರುತ್ತಾರೆ. ಕಬಡ್ಡಿ, ವಾಲಿಬಾಲ್, ಪಾಠ, ಸ್ವಲ್ಪ ನಾಟಕ, ಜಾಸ್ತಿ ಮಾತು. ಅವರ ಜೊತೆ ಇರುವವರೆಲ್ಲ ಸ್ವಯಂಸೇವಕರು. ಡಿಗ್ರಿ ಓದುವವರು, ಒಬ್ಬರು ನರ್ಸ್, ಒಬ್ಬರು ಬ್ಯಾಂಕಿನವರು, ಬಂದರಿನಲ್ಲಿ ಲೆಕ್ಕ ಬರೆಯುವ ಒಬ್ಬರು. ಇವರಿಗೆ ತರಬೇತಿ ಕೊಡಿಸುವ ಕೆಲಸ ನನ್ನದು. ಹೇಗೆ ಮಾಡಿದೆವು ಅಂತ ಬೇರೆ ಮಂಡಲದವರು ಕೇಳುತ್ತಿರುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಮಕ್ಕಳ ಮೇಲೆ ಪ್ರೀತಿ ಇರುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಉಂಟು. ಆದರೆ ಹದಿನಾಲ್ಕರ ಹುಡುಗಿ ಪಕ್ಕಕ್ಕೆ ಕರೆದು, ‘ಅಕ್ಕ, ಒಂದು ವಿಷಯ ಉಂಟು, ಯಾರಿಗೂ ಹೇಳ್ಬೇಡಿ’ ಅಂದರೆ ಏನು ಮಾಡಬೇಕು? ಪ್ರೀತಿ ಇದೆ ಅಂದ ಮಾತ್ರಕ್ಕೆ ಅದಕ್ಕೆ ಉತ್ತರ ಗೊತ್ತಾಗುವುದಿಲ್ಲ. ಅದನ್ನು ಕಲಿಯಬೇಕು, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಬೇಕು. ಮತ್ತೆ, ಒಮ್ಮೆ ಕಲಿತದ್ದು ವರ್ಷವಿಡೀ ಉಳಿಯಬೇಕಾದರೆ ಆಗಾಗ ಕೂತು ಮಾತಾಡಬೇಕು. ನಮ್ಮ ತರಬೇತಿಯನ್ನು ಕಟ್ಟಿದ್ದು ಇದರ ಮೇಲೆ.

ಮೊದಲು ಸಮಯದ ವಿಷಯ. ನಾವು ಆರಿಸಿಕೊಂಡದ್ದು ತುಳುವರ ಆಟಿ ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮದುವೆ ಇಲ್ಲ, ಕೋಲ ನೇಮ ಇಲ್ಲ, ಮಳೆಗೆ ಕ್ರಿಕೆಟ್ ಟೂರ್ನಮೆಂಟೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಬಂದರಿನ ಕೆಲಸದವರಿಗೂ ಸ್ವಲ್ಪ ಬಿಡುವು. ಇದನ್ನೇ ನವೆಂಬರ್ ಮೇಲೆ ಇಟ್ಟರೆ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿರುತ್ತದೆ, ಅರ್ಧ ಜನ ರಾತ್ರಿಯಿಡೀ ಆಟ ನೋಡಿ ಬಂದಿರುತ್ತಾರೆ. ಆಟಿಯ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಂದರೆ ಸಂಜೆಯವರೆಗೆ ಕೂರಬಹುದು. ಖರ್ಚು ಚಹಾ, ಗೋಳಿಬಜೆ, ಜೆರಾಕ್ಸ್. ಅಷ್ಟೇ.

ಮೊದಲ ಭಾನುವಾರ ಮಕ್ಕಳ ರಕ್ಷಣೆ. ಆಟ, ಹಾಡು, ಪರಿಚಯ ಎಲ್ಲ ಆಮೇಲೆ. ಈ ಕ್ರಮವನ್ನು ನಾನು ಯಾವತ್ತೂ ಬದಲಾಯಿಸಿಲ್ಲ. ಈ ಪಾಠಕ್ಕೆ ಕೂರದವರಿಗೆ ನಾವು ಮಕ್ಕಳ ಗುಂಪು ಕೊಡುವುದಿಲ್ಲ, ಅವರು ಮಂಡಲಕ್ಕೆ ಎಷ್ಟೇ ಹಳಬರಾಗಲಿ.

ಅವತ್ತು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ, 2012ರ ಎರಡು ಮಾತು ಎಲ್ಲರಿಗೂ ಬಾಯಿಗೆ ಬರಬೇಕು. ಹದಿನೆಂಟು ತುಂಬದ ಎಲ್ಲರೂ ಆ ಕಾಯ್ದೆಯಲ್ಲಿ ಮಕ್ಕಳು. ಲೈಂಗಿಕ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಅಂತ ಗೊತ್ತಾದರೆ, 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದು ಶಿಕ್ಷಕರಿಗೆ, ಡಾಕ್ಟರಿಗೆ ಮಾತ್ರ ಇರುವ ಕರ್ತವ್ಯ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಯಾರಿಗೇ ಗೊತ್ತಾದರೂ ಅವರು ತಿಳಿಸಬೇಕು, ಸಂಬಳ ಇಲ್ಲದ ಸ್ವಯಂಸೇವಕನೂ. ತಿಳಿಸದೆ ಸುಮ್ಮನಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಕೆಲವೊಮ್ಮೆ ಎರಡೂ.

ಇದನ್ನು ಕೇಳಿದ ಕೂಡಲೇ ಸ್ವಯಂಸೇವಕರ ಮುಖ ಗಂಭೀರವಾಗುತ್ತದೆ. ‘ಮನೆಯವರ ಮರ್ಯಾದೆ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ. ಆ ಪ್ರಶ್ನೆಯನ್ನು ಅಲ್ಲೇ ಬಿಡಿಸಿ ಮಾತಾಡುತ್ತೇವೆ. ಮಗುವಿನ ಗುರುತನ್ನು ಕಾನೂನೇ ಕಾಪಾಡುತ್ತದೆ, ಹೆಸರು ಫೋಟೊ ಹೊರಗೆ ಬರಬಾರದು, ಮಕ್ಕಳ ಕಲ್ಯಾಣ ಸಮಿತಿ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಏನು ಮಾಡುತ್ತವೆ ಅಂತ ವಿವರಿಸುತ್ತೇವೆ. ಈ ಭಾಗಕ್ಕೆ ಸಾಧ್ಯವಾದರೆ ಆ ಘಟಕದವರನ್ನೇ ಕರೆಯಿರಿ. ಮುಖಪರಿಚಯ ಇದ್ದರೆ ನಾಳೆ ಫೋನ್ ಮಾಡಲು ಧೈರ್ಯ ಬರುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರೂ ಉಚಿತವಾಗಿ ಬಂದು ಕಾನೂನು ಮಾಹಿತಿ ಕೊಡುತ್ತಾರೆ, ಕೇಳಿಕೊಂಡು ಹೋದರೆ ಸಾಕು.

ಆಮೇಲೆ ಅಭ್ಯಾಸ. ಮೂರು ಮೂರು ಜನ ಕೂರುತ್ತಾರೆ. ಒಬ್ಬರು ಮಗು, ಒಬ್ಬರು ಸ್ವಯಂಸೇವಕ, ಒಬ್ಬರು ಬರೀ ನೋಡುವವರು. ಇದನ್ನು ತುಳುವಿನಲ್ಲಿ ಮಾಡಿಸುತ್ತೇನೆ. ನಮ್ಮ ಮಕ್ಕಳು ಶಾಲೆಯ ವಿಷಯ ಕನ್ನಡದಲ್ಲಿ ಹೇಳಿದರೂ ಮನಸ್ಸಿನ ಕಷ್ಟ ತುಳುವಿನಲ್ಲೇ ಹೇಳುವುದು. ಕೊಂಕಣಿ, ಬ್ಯಾರಿ ಮಾತಾಡುವವರು ಇದ್ದರೆ ಅವರು ತಮ್ಮ ಭಾಷೆಯಲ್ಲೇ ಮಾಡಲಿ. ‘ಯಾರಿಗೂ ಹೇಳುವುದಿಲ್ಲ’ ಅಂತ ಮಾತು ಕೊಡಬಾರದು. ‘ನೀನು ಹೇಳಿದ್ದು ಒಳ್ಳೆಯದಾಯ್ತು, ತಪ್ಪು ನಿನ್ನದಲ್ಲ, ನಿನಗೆ ಸಹಾಯ ಮಾಡುವವರಿಗೆ ಮಾತ್ರ ನಾನು ತಿಳಿಸಬೇಕಾಗುತ್ತದೆ’ ಅನ್ನಬೇಕು. ಕೆದಕಿ ಕೆದಕಿ ಕೇಳಬಾರದು, ತನಿಖೆ ನಮ್ಮ ಕೆಲಸವಲ್ಲ. ಮಗು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ ಅವತ್ತೇ ಬರೆದಿಡಬೇಕು. ಓದಿದರೆ ಸುಲಭ ಅನಿಸುತ್ತದೆ, ಅಲ್ವಾ? ಎದುರಿಗೆ ಕೂತವರು ತಲೆ ತಗ್ಗಿಸಿ ಸುಮ್ಮನಾದಾಗ ‘ಏನಾಯ್ತು, ಯಾರು, ಎಲ್ಲಿ’ ಅಂತ ಬಾಯಿಗೆ ತಾನಾಗಿಯೇ ಬಂದುಬಿಡುತ್ತದೆ. ಅದನ್ನು ತಡೆಯಲು ಮತ್ತೆ ಮತ್ತೆ ಮಾಡಿಯೇ ಕಲಿಯಬೇಕು.

ಅದೇ ದಿನ ಎಲ್ಲರೂ ಒಂದು ಹಾಳೆಗೆ ಸಹಿ ಹಾಕುತ್ತಾರೆ. ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವುದಿಲ್ಲ, ಮಕ್ಕಳ ಜೊತೆ ಖಾಸಗಿ ಚಾಟ್ ಇಲ್ಲ, ಮಾಹಿತಿ ಏನಿದ್ದರೂ ಪೋಷಕರೂ ಇರುವ ಗ್ರೂಪಿನಲ್ಲಿ, ಕೇಳದೆ ಫೋಟೊ ಹಾಕುವುದಿಲ್ಲ. ಇದು ಸ್ವಯಂಸೇವಕರಿಗೂ ರಕ್ಷಣೆ.

ಎರಡನೇ ಭಾನುವಾರ ಪ್ರಥಮ ಚಿಕಿತ್ಸೆ. ಕರಾವಳಿಯಲ್ಲಿ ಇದನ್ನು ಬಿಟ್ಟು ಮಕ್ಕಳ ಕೆಲಸ ಮಾಡಲು ಆಗುವುದಿಲ್ಲ. ಸಮುದ್ರ ಎದುರಿಗೇ ಉಂಟು, ಹೊಳೆ ಹಿಂದೆ ಉಂಟು, ಮಳೆಗಾಲದಲ್ಲಿ ಹಾವು. ರೆಡ್ ಕ್ರಾಸ್‌ನವರ ಪ್ರಥಮ ಚಿಕಿತ್ಸೆ ತರಬೇತಿ ಇದಕ್ಕೆ ಒಳ್ಳೆಯದು. ಹೃದಯ, ಉಸಿರು ನಿಂತವರಿಗೆ ಮಾಡುವ ಸಿಪಿಆರ್ ಅನ್ನು, ಗೊಂಬೆಯ ಎದೆ ಒತ್ತಿ ಕೈ ಸೋಲುವಷ್ಟು ಅಭ್ಯಾಸ ಮಾಡಿಸಬೇಕು. ದೊಡ್ಡವರಿಗಾದರೆ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ. ಮೂವತ್ತು ಸಲ ಒತ್ತಿ ಎರಡು ಸಲ ಉಸಿರು. ನೀರಲ್ಲಿ ಮುಳುಗಿದವರಿಗೆ ಉಸಿರು ಕೊಡುವುದರಿಂದಲೇ ಶುರು ಮಾಡಬೇಕು. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಹಿಡಿದು ತಿರುಗಿಸುವುದು ಬೇಡವೇ ಬೇಡ. ಮುಳುಗುತ್ತಿರುವವರನ್ನು ನೋಡಿ ಕೂಡಲೇ ಹಾರುವುದೂ ಬೇಡ. ಹಗ್ಗ, ಉದ್ದ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಸಿಕ್ಕಿದ್ದನ್ನು ಎಸೆಯಬೇಕು, ಜನ ಕರೆಯಬೇಕು. ನಮ್ಮ ಹುಡುಗರಿಗೆ ಈಜು ಬರುತ್ತದೆ ಅನ್ನುವ ಧೈರ್ಯ ಜಾಸ್ತಿ, ಅದಕ್ಕೇ ಈ ಮಾತನ್ನು ಪ್ರತಿ ವರ್ಷ ಹೇಳುತ್ತೇವೆ. ಹಾವು ಕಚ್ಚಿದರೆ ಕೊಯ್ಯುವುದಿಲ್ಲ, ಚೀಪುವುದಿಲ್ಲ, ಬಿಗಿಯಾಗಿ ಕಟ್ಟುವುದಿಲ್ಲ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು ಸೀದಾ ಆಸ್ಪತ್ರೆ.

ಮೂರನೇ ವಾರಕ್ಕೆ ಆಟ ಬರುತ್ತದೆ. ಇಲ್ಲಿ ನಾವು ಹೊರಗಿನ ಒಂದು ಕೈಪಿಡಿಯನ್ನು ತುಂಬ ಬಳಸಿದ್ದೇವೆ. ಯುವಜನರಿಗೆ ಮಾನವ ಹಕ್ಕು ಕಲಿಸಲು ಕೌನ್ಸಿಲ್ ಆಫ್ ಯುರೋಪ್ 2002ರಲ್ಲಿ ತಂದ ‘ಕಂಪಾಸ್’. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ಒಂದು ಹೆಜ್ಜೆ ಮುಂದೆ’ ಅನ್ನುವ ಚಟುವಟಿಕೆ ಉಂಟು. ಎಲ್ಲರಿಗೂ ಒಂದೊಂದು ಪಾತ್ರದ ಚೀಟಿ. ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ಒಂದೊಂದೇ ವಾಕ್ಯ ಓದುತ್ತೇವೆ. ತನ್ನ ಪಾತ್ರಕ್ಕೆ ಅದು ನಿಜವಾದರೆ ಒಂದು ಹೆಜ್ಜೆ ಮುಂದೆ.

ಪಾತ್ರಗಳನ್ನು ನಾವೇ ಬರೆದೆವು. ಮೀನು ಹೊರುವ ತಾಯಿಯ ಮಗಳು. ಅಪ್ಪ ದುಬೈಯಲ್ಲಿರುವ ಪಿಯುಸಿ ಹುಡುಗ. ಬಾಗಲಕೋಟೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ, ಶೆಡ್ಡಿನಲ್ಲಿ ವಾಸ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ. ಕಿವಿ ಕೇಳದ ಹತ್ತನೇ ತರಗತಿಯ ಹುಡುಗ. ‘ರಾತ್ರಿ ಎಂಟು ಗಂಟೆಗೆ ಒಬ್ಬನೇ ಅಂಗಡಿಗೆ ಹೋಗಬಹುದು’, ‘ಓದಲು ಕೂರಲು ಮನೆಯಲ್ಲಿ ಜಾಗ ಉಂಟು’, ‘ಮುಂದಿನ ವರ್ಷವೂ ಇದೇ ಶಾಲೆಯಲ್ಲಿರುತ್ತೇನೆ’. ಹತ್ತಿಪ್ಪತ್ತು ವಾಕ್ಯ ಆದ ಮೇಲೆ ನೋಡಿದರೆ ಕೆಲವರು ಗೋಡೆ ಮುಟ್ಟಿರುತ್ತಾರೆ, ಕೆಲವರು ಗೆರೆ ಬಿಟ್ಟು ಅಲುಗಿಲ್ಲ. ಆಗ ಹಿಂದೆ ಉಳಿದವರನ್ನು ಮೊದಲು ಮಾತಾಡಿಸುತ್ತೇನೆ, ಮುಂದಿನವರನ್ನು ಆಮೇಲೆ. ಶೆಡ್ಡಿನ ಹುಡುಗನ ಚೀಟಿ ಹಿಡಿದಿದ್ದ ಸ್ವಯಂಸೇವಕಿ ಒಮ್ಮೆ, ‘ಇವನು ವಾರ ವಾರ ಬರುವುದಿಲ್ಲ ಅಂತ ನಾನು ಹಾಜರಿ ಪುಸ್ತಕದಿಂದ ಹೆಸರು ತೆಗೆಯಲು ಹೊರಟಿದ್ದೆ’ ಅಂದಳು. ಈ ಚರ್ಚೆಗೆ ಆಟಕ್ಕಿಂತ ಹೆಚ್ಚು ಸಮಯ ಇಟ್ಟುಕೊಳ್ಳಿ. ಆಟ ಆಡಿಸಿ ಚಪ್ಪಾಳೆ ತಟ್ಟಿ ಕಳಿಸಿದರೆ ಕಲಿಕೆ ಅರ್ಧಕ್ಕೇ ನಿಂತಹಾಗೆ.

ಕಲಿಯಲು ಇನ್ನೂ ಏನೇನು ಸಿಗುತ್ತದೆ ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಕಾಲೇಜಿನಲ್ಲಿದ್ದರೆ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಬಿಡಬೇಡಿ. 1969ರಲ್ಲಿ ಶುರುವಾದ ಯೋಜನೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಗುಂಪಿನಲ್ಲಿ ಬದುಕುವುದನ್ನು ಆ ಶಿಬಿರ ಕಲಿಸುವಷ್ಟು ಯಾವ ತರಗತಿಯೂ ಕಲಿಸುವುದಿಲ್ಲ. ಸ್ಕೌಟ್ಸ್ ಮತ್ತು ಗೈಡ್ಸ್‌ನ ನಾಯಕರ ತರಬೇತಿ ಹಂತ ಹಂತವಾಗಿ ಹಿಮಾಲಯ ವುಡ್ ಬ್ಯಾಡ್ಜ್ ಅನ್ನುವ ಮೇಲಿನ ಹಂತದ ಅರ್ಹತೆಯವರೆಗೆ ಹೋಗುತ್ತದೆ. ಚಿಕ್ಕ ಮಕ್ಕಳ ಜೊತೆ ಹೊರಾಂಗಣ ಕೆಲಸ ಮಾಡುವವರಿಗೆ ಅದಕ್ಕಿಂತ ಗಟ್ಟಿ ಅಡಿಪಾಯ ನನಗೆ ಗೊತ್ತಿಲ್ಲ. ಮಾನಸಿಕ ಆರೋಗ್ಯಕ್ಕೆ ರಾಜ್ಯದ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ನಡೆಸುವ ಯುವ ಸ್ಪಂದನ ಉಂಟು. ಅಲ್ಲಿ ತರಬೇತಿ ಪಡೆದ ಯುವ ಪರಿವರ್ತಕರನ್ನು ಕರೆಸಿಕೊಳ್ಳಿ. ಮುಟ್ಟು, ಪೋಷಣೆ, ಹದಿಹರೆಯದ ದೇಹದ ಪ್ರಶ್ನೆಗಳಿಗೆ ಸರಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್. 2014ರಲ್ಲಿ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿಯೇ ಇದೆ. ಇದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ಶ್ರೀಪೆರಂಬುದೂರಿನ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆಯಲ್ಲಿ ಸ್ನಾತಕೋತ್ತರ ಕೋರ್ಸುಗಳು ಉಂಟು.

ಆನ್‌ಲೈನ್ ಕೋರ್ಸ್ ಬೇಡ ಅನ್ನುವವನು ನಾನಲ್ಲ. ಆದರೆ ಒಬ್ಬೊಬ್ಬರೇ ಮೊಬೈಲಿನಲ್ಲಿ ನೋಡಿ ಅಂತ ಬಿಟ್ಟರೆ ಮುಗಿಸುವವರು ಕಡಿಮೆ. ಸಭಾಂಗಣದಲ್ಲಿ ಒಟ್ಟಿಗೆ ಕೂತು ಒಂದು ಪಾಠ ನೋಡಿ, ನಿಲ್ಲಿಸಿ, ‘ನಮ್ಮಲ್ಲಿ ಇದು ಹೇಗೆ?’ ಅಂತ ಮಾತಾಡಿದರೆ ಅದು ನಮ್ಮದಾಗುತ್ತದೆ. ಕನ್ನಡದಲ್ಲಿ ಇಲ್ಲದ್ದನ್ನು ಡಿಗ್ರಿ ಹುಡುಗರೇ ಕನ್ನಡಕ್ಕೆ ಮಾಡುತ್ತಾರೆ. ಹಾಗೆ ಮಾಡುವಾಗಲೇ ಅವರು ಅತಿ ಹೆಚ್ಚು ಕಲಿಯುವುದು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ, ತಿಂಗಳ ಸಭೆ. ಆಟಿಯ ಪಾಠ ಮುಗಿದ ಮೇಲೆ ತಿಂಗಳಿಗೊಂದು ಸಂಜೆ ಸ್ವಯಂಸೇವಕರು ಮಾತ್ರ ಸೇರುತ್ತೇವೆ. ಇದರ ಕ್ರಮ ನಮಗೆ ಬಂದದ್ದು ಮಂಗಳೂರಿನ ರೋಶನಿ ನಿಲಯದಿಂದ. 1960ರಲ್ಲಿ ಶುರುವಾದ ಸಮಾಜಕಾರ್ಯ ಕಾಲೇಜು ಅದು. ಅಲ್ಲಿ ಓದಿದ ಒಬ್ಬರು ನಮ್ಮ ಜೊತೆ ಕೆಲಸ ಮಾಡುತ್ತಿದ್ದರು. ಮಗುವಿನ ಜೊತೆ ನಡೆದ ಮಾತನ್ನು, ಅವನು ಏನಂದ, ನಾನು ಏನಂದೆ, ಆಗ ನನಗೆ ಏನನಿಸಿತು ಅಂತ ಹಾಗ್ಹಾಗೇ ಬರೆಯುವುದನ್ನು ಅವರು ಕಲಿಸಿದರು. ಪ್ರೊಸೆಸ್ ರೆಕಾರ್ಡಿಂಗ್ ಅಂತಾರೆ ಅದಕ್ಕೆ. ಸಭೆಯಲ್ಲಿ ಒಬ್ಬರು ಅಂಥ ಒಂದು ಪುಟ ಓದುತ್ತಾರೆ. ಮಗುವಿನ ಹೆಸರು ಹೇಳುವುದಿಲ್ಲ. ಮುಗಿಯುವವರೆಗೆ ಯಾರೂ ಬಾಯಿ ಹಾಕುವುದಿಲ್ಲ. ಆಮೇಲೆ ಬರೀ ಪ್ರಶ್ನೆ. ಸಲಹೆ ಕೊನೆಗೆ.

ಒಮ್ಮೆ ಹತ್ತನೇ ತರಗತಿಯಲ್ಲಿ ಗಣಿತ ಹೋದ ಹುಡುಗನ ವಿಷಯ ಬಂತು. ಆಗಸ್ಟ್‌ನಲ್ಲಿ ಬೋಟು ಹೊರಡುವಾಗ ತಾನೂ ಹೋಗುತ್ತೇನೆ, ಇನ್ನು ಓದುವುದಿಲ್ಲ ಅಂದಿದ್ದ. ಸ್ವಯಂಸೇವಕ ಅವನಿಗೆ ಓದಿನ ಮಹತ್ವ ಹೇಳಿ ಹೇಳಿ ಸುಸ್ತಾಗಿದ್ದ. ಪುಟ ಓದಿ ಮುಗಿದಾಗ ನಮ್ಮ ನರ್ಸ್ ಕೇಳಿದರು, ‘ಅವನ ಮನೆಯಲ್ಲಿ ಈಗ ದುಡಿಯುವವರು ಯಾರು?’ ಉತ್ತರ ಗೊತ್ತಿರಲಿಲ್ಲ. ಬಂದರಿನ ಲೆಕ್ಕದವರು ಕೇಳಿದರು, ‘ಬೋಟಿಗೆ ಹೋಗುವವನಿಗೆ ಓದು ಯಾಕೆ ಬೇಡ ಅಂತ ನಾವೇ ಅಂದುಕೊಂಡದ್ದು?’ ಮುಂದಿನ ವಾರ ಸ್ವಯಂಸೇವಕ ಉಪದೇಶ ಬಿಟ್ಟು ಕೇಳಲು ಕೂತ. ಅಪ್ಪನಿಗೆ ಬೆನ್ನುನೋವು, ಮನೆಯಲ್ಲಿ ಸಾಲ. ಎಸೆಸೆಲ್ಸಿಗೆ ಆಗ ವರ್ಷದಲ್ಲಿ ಮೂರು ಪರೀಕ್ಷೆ ಇದ್ದದ್ದು, ಒಂದು ವಿಷಯ ಮಾತ್ರ ಮತ್ತೆ ಬರೆಯಬಹುದು ಅನ್ನುವುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಗ ಪರೀಕ್ಷೆ 3ಕ್ಕೆ ಕೂತ. ಈಗ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್. ಬೋಟಿನ ಎಂಜಿನ್ ರಿಪೇರಿ ಅವನ ಕನಸು. ಈಗ ಅವನ ಕಥೆಯನ್ನು, ಗುರುತು ಬದಲಾಯಿಸಿ, ಹೊಸಬರ ತರಬೇತಿಗೆ ಬಳಸುತ್ತೇವೆ. ಕೊಂಡು ತಂದ ಯಾವ ಮಾಡ್ಯೂಲಿಗಿಂತಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಸ್ವಯಂಸೇವಕರ ಮನಸ್ಸಿನ ಭಾರವೂ ಈ ಸಭೆಯಲ್ಲೇ ಇಳಿಯುತ್ತದೆ. ಫಲಿತಾಂಶದ ದಿನಗಳಲ್ಲಿ ರಾತ್ರಿ ಫೋನ್ ಎತ್ತಿ ಅಳುವ ಮಗುವಿನ ಮಾತು ಕೇಳಿದವರಿಗೆ ಮರುದಿನ ಅದನ್ನು ಹೇಳಿಕೊಳ್ಳಲು ಜಾಗ ಬೇಕು. ಇಪ್ಪತ್ತರ ಹುಡುಗಿಯೊಬ್ಬಳು ಅದನ್ನೆಲ್ಲ ಒಬ್ಬಳೇ ಹೊರಬಾರದು.

ನಮ್ಮ ಸಭಾಂಗಣದ ಗೋಡೆಯಲ್ಲಿ ಒಂದು ಹಾಳೆ ಅಂಟಿಸಿದ್ದೇವೆ, ಅದರ ಪ್ರತಿ ಎಲ್ಲರ ಮೊಬೈಲಿನಲ್ಲೂ ಉಂಟು. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಆನ್‌ಲೈನ್ ಮೋಸಕ್ಕೆ 1930. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಇವುಗಳ ಕೆಳಗೆ ಸ್ಥಳೀಯ ಠಾಣೆ, ಮಕ್ಕಳ ರಕ್ಷಣಾ ಘಟಕ, ಹತ್ತಿರದ ಆಸ್ಪತ್ರೆಯ ನಂಬರ್ ಬರೆಯಲು ಖಾಲಿ ಜಾಗ. ಅವು ಬದಲಾಗುತ್ತಿರುತ್ತವೆ. ಆಟಿ ಬರುವ ಮೊದಲು ಒಬ್ಬರು ಕೂತು ಸ್ಥಳೀಯ ನಂಬರುಗಳಿಗೆಲ್ಲ ಫೋನ್ ಮಾಡಿ ಸರಿ ಉಂಟಾ ಅಂತ ನೋಡಬೇಕು.

ಹೊಸದಾಗಿ ಶುರು ಮಾಡುವ ಮಂಡಲದವರು ಜೂನ್‌ನಲ್ಲೇ ಮಕ್ಕಳ ರಕ್ಷಣಾ ಘಟಕಕ್ಕೂ ರೆಡ್ ಕ್ರಾಸ್‌ಗೂ ಪತ್ರ ಕೊಟ್ಟು ಭಾನುವಾರ ಗೊತ್ತು ಮಾಡಿಕೊಳ್ಳಿ. ತಡವಾದರೆ ಸ್ವಾತಂತ್ರ್ಯ ದಿನ, ಅಷ್ಟಮಿ, ಚೌತಿ ಅಂತ ಎಲ್ಲರ ದಿನಗಳೂ ತುಂಬಿಬಿಡುತ್ತವೆ. ನಾವು ಈ ಬಾರಿ ಉತ್ತರ ಕರ್ನಾಟಕದಿಂದ ಬಂದ ಮನೆಗಳ ಇಬ್ಬರು ಯುವಕರನ್ನು ಸ್ವಯಂಸೇವಕರಾಗಿ ಸೇರಿಸಿಕೊಳ್ಳುತ್ತಿದ್ದೇವೆ. ಶೆಡ್ಡುಗಳಲ್ಲಿರುವ ಮಕ್ಕಳ ಕಡೆಗೆ ಹೋಗುವುದು ಹೇಗೆ ಅನ್ನುವ ಪಾಠವನ್ನು ಅವರೇ ತೆಗೆದುಕೊಳ್ಳುತ್ತಾರೆ, ನಾವು ಕೂತು ಕಲಿಯುತ್ತೇವೆ.