ಕಾಲ್ ಮಾಡುವ ಚಟ ಬಿಡಿ: ಲಿಮಿಟ್ ಹೋಲ್ಡೆಮ್‌ನಲ್ಲಿ ಬೆಟ್, ರೈಸ್ ಯಾವಾಗ?

ಲಿಮಿಟ್ ಹೋಲ್ಡೆಮ್ ಪೋಕರಿನ ಒಂದು ಬಗೆ: ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು. ಮೇಜಿನ ಮೊದಲ ಮೂರು ‘ಫ್ಲಾಪ್’, ನಾಲ್ಕನೆಯದು ‘ಟರ್ನ್’, ಐದನೆಯದು ‘ರಿವರ್’. ಇಲ್ಲಿ ಎಷ್ಟು ಚಿಪ್ಸ್ ಹಾಕಬೇಕೆಂಬ ತಲೆನೋವಿಲ್ಲ, ಅದನ್ನು ನಿಯಮವೇ ಗೊತ್ತುಮಾಡಿದೆ. 2–4ರ ಆಟವಾದರೆ ಫ್ಲಾಪ್‌ಗೆ ಮುಂಚೆ ಮತ್ತು ಫ್ಲಾಪ್‌ನಲ್ಲಿ ಬೆಟ್ 2 ಚಿಪ್ಸ್, ಟರ್ನ್ ಮತ್ತು ರಿವರ್‌ನಲ್ಲಿ 4. ಒಂದು ಸುತ್ತಿಗೆ ಸಾಮಾನ್ಯವಾಗಿ ಒಂದು ಬೆಟ್ (ಪಣ), ಮೂರು ರೈಸ್ (ಅದನ್ನು ಅಷ್ಟೇ ಮೊತ್ತದಿಂದ ಏರಿಸುವುದು), ಅಷ್ಟೇ. ಹಾಕಬೇಕೋ ಬೇಡವೋ ಎಂಬುದೊಂದೇ ಉಳಿಯುವ ಪ್ರಶ್ನೆ. ಸಣ್ಣ ಮೊತ್ತದ ಆಟಗಳಲ್ಲಿ ಬಹುತೇಕರು ಇದಕ್ಕೆ ಕಂಡುಕೊಂಡ ಉತ್ತರ ‘ಕಾಲ್’, ಅಂದರೆ ಎದುರಿನವರು ಹಾಕಿದಷ್ಟನ್ನೇ ಹಾಕಿ ಮುಂದುವರಿಯುವುದು. ನೋಡಲು ನಿರಪಾಯದ ದಾರಿ. ಚಿಪ್ಸ್ ಸೋರುವುದೂ ಅಲ್ಲೇ.

ಲೆಕ್ಕ ಸರಳ. ಈಗ ಪಾಟ್‌ಗೆ (ಗೆದ್ದವರಿಗೆ ಸೇರುವ ರಾಶಿಗೆ) ಬೀಳುವ ಹೊಸ ಚಿಪ್ಸ್‌ನಲ್ಲಿ ನಿಮ್ಮ ಪಾಲೆಷ್ಟು? ನೀವು ಗೆಲ್ಲುವ ಸಾಧ್ಯತೆ ಎಷ್ಟು? ಎರಡನೆಯದು ಹೆಚ್ಚಿದ್ದರೆ ಇನ್ನಷ್ಟು ಹಾಕಿಸಿ.

ಮೊದಲ ಹೆಜ್ಜೆ: ಫ್ಲಾಪ್‌ಗೆ ಮುಂಚೆ

ಕೈಯಲ್ಲಿ ಜೋಡಿ ಎಕ್ಕ, ಎದುರಿಗೆ ಯಾವ ಎಲೆ ಬಂದರೂ ಬಿಡದ ಐವರು. ನೀವು ಗೆಲ್ಲುವುದು ಸುಮಾರು ಶೇ 49 ಸಲ. ಅರ್ಧಕ್ಕಿಂತ ಹೆಚ್ಚು ಸಲ ಸೋಲುತ್ತೀರಿ, ನಿಜ. ಆದರೆ ಆರು ಜನರಲ್ಲಿ ನೀವು ಹಾಕುವುದು ಶೇ 17ರಷ್ಟು ಮಾತ್ರ. ‘ಇಷ್ಟು ಜನ ಇದ್ದಾರೆ, ಎಕ್ಕ ಒಡೆಯುತ್ತದೆ’ ಎಂದು ಸುಮ್ಮನೆ ಕಾಲ್ ಮಾಡುವವರು ಈ ಅಂತರವನ್ನು ಬಿಟ್ಟುಕೊಡುತ್ತಾರೆ. ಜೋಡಿ ಎಕ್ಕ, ರಾಜ, ರಾಣಿ, ಗುಲಾಮ, ಎಕ್ಕ–ರಾಜ, ಎಕ್ಕ–ರಾಣಿ: ಎಷ್ಟೇ ಜನರಿರಲಿ, ರೈಸ್. 2ರಿಂದ 6ರವರೆಗಿನ ಸಣ್ಣ ಜೋಡಿಗೆ ಫ್ಲಾಪ್‌ನಲ್ಲಿ ಅದೇ ಅಂಕಿಯ ಮೂರನೇ ಎಲೆ ಸಿಗುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಅದಕ್ಕೆ ಅಗ್ಗದ ಕಾಲ್ ಸಾಕು, ಅದೂ ಜನ ತುಂಬಿದ್ದಾಗ.

ಎರಡನೆಯದು: ಫ್ಲಾಪ್

ಕೊನೆಯ ಸರದಿ ನಿಮ್ಮದು, ಕೈಯಲ್ಲಿ ಆಟೀನಿನ ಎಕ್ಕ ಮತ್ತು 8. ಫ್ಲಾಪ್‌ನಲ್ಲಿ ಆಟೀನಿನ ರಾಜ, ಆಟೀನಿನ 6, ಇಸ್ಪೀಟಿನ 3. ಮೊದಲಿನವರು 2 ಹಾಕಿದರು, ಇಬ್ಬರು ಕಾಲ್ ಮಾಡಿದರು. ಒಂದೇ ಜಾತಿಯ ಐದು ಎಲೆಗಳ ಬಲವಾದ ಕೈಗೆ (ಫ್ಲಶ್) ಇನ್ನೊಂದು ಆಟೀನು ಬೇಕು. ಕೈ ಇನ್ನೂ ಕೂಡಿಲ್ಲ, ರೈಸ್ ಮಾಡಬಹುದೇ? ಮಾಡಲೇಬೇಕು. ಉಳಿದ ಒಂಬತ್ತು ಆಟೀನುಗಳಲ್ಲಿ ಒಂದು ರಿವರ್‌ನೊಳಗೆ ಬೀಳುವ ಸಾಧ್ಯತೆ ಶೇ 35. ಮೂವರೂ ಜೊತೆಗೆ ಬಂದರೆ ನೀವು ಹಾಕುವುದು ಶೇ 25. ಎದುರಾಳಿ ಇಬ್ಬರಾದರೆ ನಿಮ್ಮ ಪಾಲು ಶೇ 33, ಹೆಚ್ಚುಕಡಿಮೆ ಸಮ. ಒಬ್ಬನೇ ಆದರೆ ಶೇ 50, ಆಗ ಇದೇ ರೈಸ್ ನಷ್ಟದ್ದು.

ಇದರ ಬೆನ್ನಿಗೇ ಇನ್ನೊಂದು ಲಾಭವಿದೆ. ರೈಸ್ ಮಾಡಿದವನಿಗೆ ಟರ್ನ್‌ನಲ್ಲಿ ಉಳಿದವರು ಚೆಕ್ ಮಾಡಿ (ಬೆಟ್ ಹಾಕದೆ ಸರದಿ ದಾಟಿಸಿ) ದಾರಿ ಬಿಡುವುದು ರೂಢಿ. ಆಟೀನು ಬರಲಿಲ್ಲವೇ, ನೀವೂ ಚೆಕ್ ಮಾಡಿ ರಿವರ್ ಎಲೆಯನ್ನು ಪುಕ್ಕಟೆ ನೋಡಿ. ಫ್ಲಾಪ್‌ನಲ್ಲಿ ಹೆಚ್ಚಾಗಿ ಹಾಕಿದ್ದು 2, ಟರ್ನ್‌ನಲ್ಲಿ ಉಳಿಸಿದ್ದು 4. ಯಾರಾದರೂ ಮರುರೈಸ್ ಮಾಡಿದರೆ ಅಥವಾ ಟರ್ನ್‌ನಲ್ಲಿ ನಿಮಗಿಂತ ಮೊದಲೇ ಬೆಟ್ ಹಾಕಿದರೆ ಈ ಉಪಾಯ ಕೆಡುತ್ತದೆ.

ಕೂಡಿದ ಕೈಯಾದರೆ ರೈಸ್‌ಗೆ ಬೇರೆ ಕೆಲಸ: ನಿಮ್ಮ ನಂತರದ ಸರದಿಯವರಿಗೆ ಎಲೆ ದುಬಾರಿ ಮಾಡುವುದು. ನಿಮ್ಮದು ಎಕ್ಕ–ರಾಣಿ, ಫ್ಲಾಪ್ ರಾಣಿ–8–4, ಪಾಟ್‌ನಲ್ಲಿ 10 ಚಿಪ್ಸ್. ನಿಮಗಿಂತ ಮುಂಚಿನವರು 2 ಹಾಕಿದ್ದಾರೆ, ನಿಮ್ಮ ನಂತರ 6–5 ಹಿಡಿದು, 4ರಿಂದ 8ರ ಸಾಲು ಕೂಡಿಸಲು 7ಕ್ಕಾಗಿ ಕಾದವರೊಬ್ಬರಿದ್ದಾರೆ. ಅವರಿಗೆ ಕಾಣದ 47 ಎಲೆಗಳಲ್ಲಿ 7 ಇರುವುದು ನಾಲ್ಕು, ಅಂದರೆ ಬಾರದಿರುವುದಕ್ಕೂ ಬರುವುದಕ್ಕೂ 11ಕ್ಕೆ 1ರ ಹತ್ತಿರ. ನೀವು ಬರೀ ಕಾಲ್ ಮಾಡಿದರೆ ಅವರು 2 ಕೊಟ್ಟು 14ಕ್ಕೆ ಆಡುತ್ತಾರೆ, 7ಕ್ಕೆ 1. ಮುಂದೆ ಸಿಗುವ ಬೆಟ್‌ಗಳನ್ನು ಸೇರಿಸಿದರೆ ಅದು ಸರಿಹೋಗುವ ವ್ಯಾಪಾರ. ನೀವು ರೈಸ್ ಮಾಡಿದರೆ 4 ಕೊಟ್ಟು 16ಕ್ಕೆ ಆಡಬೇಕು, 4ಕ್ಕೆ 1. ಆಗ ಅವರು ಫೋಲ್ಡ್ ಮಾಡಿದರೂ (ಎಲೆ ಬಿಟ್ಟರೂ) ನಿಮಗೆ ಒಳ್ಳೆಯದು, ತಪ್ಪಾಗಿ ಕಾಲ್ ಮಾಡಿದರೂ ಒಳ್ಳೆಯದು.

ಮೂರನೆಯದು: ಟರ್ನ್

ಇಲ್ಲಿ ಬೆಟ್ ಇಮ್ಮಡಿ. ಚೆಕ್ ಮಾಡಿ ಆಮೇಲೆ ರೈಸ್ ಮಾಡುವ ಯೋಚನೆಯಿದ್ದರೆ ಬೆಟ್ ಹಾಕುವವನು ಎಲ್ಲಿ ಕೂತಿದ್ದಾನೆ ನೋಡಿ. ನಿಮ್ಮ ನಂತರದ ಸರದಿಯವನೇ ಹಾಕುವನಾದರೆ ಉಳಿದವರು ಕಾಲ್ ಮಾಡಿ ಸಿಕ್ಕಿಕೊಂಡಿರುತ್ತಾರೆ, ನಿಮ್ಮ ರೈಸ್ ಎಲ್ಲರಿಂದಲೂ ಚಿಪ್ಸ್ ತರುತ್ತದೆ. ಕೊನೆಯ ಸರದಿಯವನು ಹಾಕುವನಾದರೆ ನಡುವಿನವರು ಒಮ್ಮೆಗೇ 8 ಚಿಪ್ಸ್ ಎದುರಿಸಬೇಕು, ಅವರನ್ನು ಓಡಿಸಬಹುದು. ಯಾರೂ ಹಾಕದೆ ಸುತ್ತು ಮುಗಿದರೆ ಪುಕ್ಕಟೆ ಎಲೆ ಹಂಚಿದ್ದು ನೀವೇ. ಸಂಶಯವಿದ್ದರೆ ನೇರವಾಗಿ ಬೆಟ್ ಹಾಕಿ.

ಇಡೀ ಹೊತ್ತು ಕಾಲ್ ಮಾಡಿಕೊಂಡೇ ಕೂತವನು ಟರ್ನ್‌ನಲ್ಲಿ ಏಕಾಏಕಿ ರೈಸ್ ಮಾಡಿದನೇ? ಅವನ ಬಳಿ ಸಾಮಾನ್ಯವಾಗಿ ಎರಡು ಜೋಡಿ ಅಥವಾ ಅದಕ್ಕೂ ಮೇಲಿನದು ಇರುತ್ತದೆ. ಒಂದೇ ಜೋಡಿ ಇಟ್ಟುಕೊಂಡು ಮರುರೈಸ್‌ಗೆ ಹೋಗಬೇಡಿ.

ನಾಲ್ಕನೆಯದು: ರಿವರ್

ಇನ್ನು ಬರುವ ಎಲೆ ಇಲ್ಲ, ರಕ್ಷಿಸಿಕೊಳ್ಳುವುದೂ ಇಲ್ಲ. ಹೆಚ್ಚು ತಪ್ಪಾಗುವುದು ಇಲ್ಲಿಯೇ, ಏಕೆಂದರೆ ಬೆಟ್‌ಗೆ ಬೇಕಾದ ಅಳತೆ ಬೇರೆ, ಕಾಲ್‌ಗೆ ಬೇಕಾದ್ದು ಬೇರೆ. ಪಾಟ್‌ನಲ್ಲಿ 24 ಇದ್ದು ಎದುರಾಳಿ 4 ಹಾಕಿದರೆ, 28 ಗೆಲ್ಲಲು ನೀವು ಕೊಡುವುದು 4. ಎಂಟರಲ್ಲಿ ಒಂದು ಸಲ ಗೆದ್ದರೂ ಸಮ. ಹಾಗಾಗಿ ಸಾಧಾರಣ ಕೈಗೂ ಕಾಲ್ ಸರಿ. ನೀವೇ ಬೆಟ್ ಹಾಕುವಾಗ ಮಾತ್ರ, ಕಾಲ್ ಮಾಡುವ ಕೈಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀವು ಸೋಲಿಸಬೇಕು. ಫೋಲ್ಡ್ ಆಗುವ ಕೈಗಳನ್ನು ಈ ಎಣಿಕೆಗೆ ಸೇರಿಸಬೇಡಿ, ಅವು ಒಂದು ಚಿಪ್ಪೂ ಕೊಡುವುದಿಲ್ಲ.

ನಿಮ್ಮದು ರಾಜ–ಗುಲಾಮ, ಮೇಜಿನ ಮೇಲೆ ರಾಜ–9–6–3–2, ಒಂದೇ ಜಾತಿಯ ಮೂರು ಎಲೆಗಳಿಲ್ಲ, ಎದುರಾಳಿ ಚೆಕ್ ಮಾಡಿದ್ದಾನೆ. ರಾಜ–8ಕ್ಕೂ ಜೋಡಿ 9ಕ್ಕೂ ಕಾಲ್ ಮಾಡುವ ಮನುಷ್ಯ. ಹತ್ತು ಸಲದಲ್ಲಿ ಆರು ಗೆದ್ದಿರಿ, ನಾಲ್ಕು ಸೋತಿರಿ ಎನ್ನಿ: ಬಂದದ್ದು 24, ಹೋದದ್ದು 16. ಸೋತ ನಾಲ್ಕರಲ್ಲಿ ಒಮ್ಮೆ ಅವನು ರೈಸ್ ಮಾಡಿ, ನೀವು ಕಾಲ್ ಮಾಡಿ ಇನ್ನೂ 4 ಕಳೆದರೂ ಕೈಯಲ್ಲಿ 4 ಉಳಿಯುತ್ತದೆ. ‘ಹೇಗೂ ಗೆದ್ದೆ’ ಎಂದು ಚೆಕ್ ಮಾಡಿ ಎಲೆ ತೋರಿಸುವವರು ಕಳೆದುಕೊಳ್ಳುವುದು ಇದನ್ನೇ.

ಬ್ಲಫ್ (ಸೋಲುವ ಕೈಯಲ್ಲೂ ಬೆಟ್ ಹಾಕಿ ಹೆದರಿಸುವುದು) ಮಾಡಲೇ? ಪಾಟ್ 24 ಇದ್ದರೆ 4ರ ಬ್ಲಫ್ ಏಳರಲ್ಲಿ ಒಂದು ಸಲ ಫಲಿಸಿದರೆ ಸಾಕು, ಅಂದರೆ ಶೇ 14.3. ಕೇಳಲು ಆಸೆಯಾಗುತ್ತದೆ. ಎದುರಿಗೆ ಮೂವರಿದ್ದು, ಪ್ರತಿಯೊಬ್ಬರೂ ಅರ್ಧದಷ್ಟು ಸಲ ಫೋಲ್ಡ್ ಮಾಡುವರೆಂದೇ ಇಟ್ಟುಕೊಳ್ಳಿ. ಮೂವರೂ ಒಟ್ಟಿಗೆ ಬಿಡುವುದು ಎಂಟರಲ್ಲಿ ಒಂದು ಸಲ, ಶೇ 12.5. ಸಣ್ಣ ಮೊತ್ತದ ಆಟದಲ್ಲಿ ಅರ್ಧದಷ್ಟು ಸಲ ಫೋಲ್ಡ್ ಮಾಡುವ ಪುಣ್ಯಾತ್ಮರು ಸಿಗುವುದೂ ಅಪರೂಪ.