ತಿರುವಿನಲ್ಲಿ ಗಾಡಿ ಗರಗರ ಅಂದರೆ ಬ್ರೇಕ್ ಪ್ಯಾಡ್ ಬದಲಿಸಲು ಅವಸರ ಬೇಡ

ಕಲಬುರಗಿ ರಿಂಗ್ ರಸ್ತೆಯಿಂದ ಹುಮನಾಬಾದ್ ರಸ್ತೆಗೆ ಹೊರಳುವಾಗ ನಮ್ಮ ಭಾವನ ಕಾರು ಗರಗರ ಅನ್ನುತ್ತಿತ್ತು. ಕಾಲು ಆಕ್ಸಿಲರೇಟರ್ ಮೇಲೇ ಇದ್ದರೂ ಯಾರೋ ಹಿಂದಿನಿಂದ ಹಿಡಿದೆಳೆದಂತೆ ತಾನೇ ಬ್ರೇಕ್ ಹಾಕಿಕೊಳ್ಳುತ್ತಿತ್ತು. ‘ಪ್ಯಾಡ್ ಸವದಾವ್ರೀ’ ಅಂದ ಮಿಸ್ತ್ರಿ ಹೊಸ ಪ್ಯಾಡ್ ಹಾಕಿದ. ಆಮೇಲೆ ಡಿಸ್ಕ್ ಬದಲಾಯಿತು. ಸದ್ದು ಇದ್ದಲ್ಲೇ ಇತ್ತು. ಕೆಟ್ಟಿದ್ದು ಬಲಬದಿ ಮುಂದಿನ ಗಾಲಿಯ ಬೇರಿಂಗ್, ಅಂದರೆ ಗಾಲಿ ಸಲೀಸಾಗಿ ತಿರುಗಲು ಅದರ ನಡುವೆ ಕೂಡಿಸಿದ ಗುಂಡುಗಳ ಬಳೆ. ಇದೇ ಕಥೆಯನ್ನು ನಾನು ಎಷ್ಟೋ ಗಾಡಿಗಳಲ್ಲಿ ಕಂಡಿದ್ದೇನೆ.

ಬೇರಿಂಗ್‌ಗೂ ಬ್ರೇಕ್‌ಗೂ ಏನು ನಂಟು? ಈಗಿನ ಬಹುತೇಕ ಕಾರುಗಳಲ್ಲಿ ಗಾಲಿಯ ವೇಗ ಅಳೆಯುವ ಎಬಿಎಸ್ (ಬ್ರೇಕ್ ತುಳಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಬೇರಿಂಗ್ ಪಕ್ಕದಲ್ಲೇ ಕೂತಿರುತ್ತದೆ. ಬೇರಿಂಗ್ ಸಡಿಲಾದರೆ ತಿರುವಿನ ಒತ್ತಡಕ್ಕೆ ಹಬ್ (ಗಾಲಿಯನ್ನು ಬಿಗಿಯುವ ನಡುಭಾಗ) ವಾಲಿ ಸೆನ್ಸರಿಗೂ ಬೇರಿಂಗಿಗೂ ನಡುವಿನ ಕೂದಲೆಳೆಯಷ್ಟು ಜಾಗ ಹೆಚ್ಚುಕಡಿಮೆಯಾಗುತ್ತದೆ, ಸಿಗ್ನಲ್ ತಪ್ಪುತ್ತದೆ. ಇಎಸ್‌ಪಿ (ಗಾಡಿ ಜಾರದಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರುವ ಗಾಡಿ ‘ನಾನು ಜಾರುತ್ತಿದ್ದೇನೆ’ ಅಂದುಕೊಂಡು ಒಂದು ಗಾಲಿಗೆ ಬ್ರೇಕ್ ಹಾಕುತ್ತದೆ. ಆಗ ಕೇಳುವ ಗರಗರ ಎಷ್ಟೋ ಸಲ ಎಬಿಎಸ್ ಪಂಪಿನದು. ಆ ಕ್ಷಣವೇ ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರ ಮಿಣುಕಿದರೆ ಅನುಮಾನವೇ ಬೇಡ. ಇಎಸ್‌ಪಿ ಇಲ್ಲದ, ಬರೀ ಎಬಿಎಸ್ ಇರುವ ಗಾಡಿ ತಾನಾಗಿ ಬ್ರೇಕ್ ಹಾಕುವುದಿಲ್ಲ. ಅಲ್ಲಿ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ ಜಾಮ್ ಆಗಿದೆಯೇ ನೋಡಿ. ಹತ್ತು ಕಿಲೋಮೀಟರ್ ಓಡಿಸಿ, ಅಂಗೈಯನ್ನು ಗಾಲಿಗಳ ಹತ್ತಿರ ಒಯ್ದರೆ ಜಾಮ್ ಆದದ್ದರ ಕಾವು ಬೇರೆಯೇ ತಿಳಿಯುತ್ತದೆ. ಡಿಸ್ಕ್ ಮುಟ್ಟಬೇಡಿ.

ಟೈರುಗಳ ಗಾಳಿ, ಅಳತೆ ನಾಲ್ಕಕ್ಕೂ ಸರಿಯಿದೆಯೇ ನೋಡಿಕೊಳ್ಳಿ. ಗಾಲಿಯೊಳಗೆ ಮೆತ್ತಿದ ಎರೆಮಣ್ಣು ತೊಳೆಸಿ. ಶಹಾಬಾದ್, ವಾಡಿ ಕಡೆಯ ಕಲ್ಲುಪುಡಿ ರಸ್ತೆಯಲ್ಲಿ ಹೋಗಿ ಬಂದ ಮೇಲೆ ದಿಢೀರನೆ ಕೀರಲು ಸದ್ದು ಶುರುವಾಗಿದ್ದರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಹರಳು ಸಿಕ್ಕಿರಬಹುದು. ನಿಧಾನವಾಗಿ ನಾಲ್ಕು ಮಾರು ರಿವರ್ಸ್ ಹೋದರೆ ಎಷ್ಟೋ ಸಲ ಉದುರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ಮುಂದೆ ಎಳೆದಾಗ ‘ಟಕ್ ಟಕ್’ ಅಂದರೆ ಅದು ಆಕ್ಸಲ್ಲಿನ ಸಿವಿ ಜಾಯಿಂಟ್ (ತಿರುವಿನಲ್ಲೂ ಗಾಲಿಗೆ ಎಂಜಿನ್ ಬಲ ಮುಟ್ಟಿಸುವ ಕೀಲು). ಸದ್ದಡಗಿಸಲು ಬ್ರೇಕಿಗೆ ಎಣ್ಣೆ ಸ್ಪ್ರೇ ಮಾತ್ರ ಹೊಡೆಯಬೇಡಿ. ಪ್ಯಾಡ್ ಎಣ್ಣೆ ಕುಡಿದರೆ ಬ್ರೇಕೇ ಹಿಡಿಯುವುದಿಲ್ಲ.

ಎಲ್ಲರೂ ಎಡವುವುದು ಯಾವ ಗಾಲಿ ಅಂತ ಗುರುತಿಸುವಲ್ಲಿ. ಕಿವಿಯನ್ನು ನಂಬಬೇಡಿ, ಲೋಹದ ಸದ್ದು ಕಾರಿನ ಮೈಯೊಳಗೆ ಹರಿದಾಡುತ್ತದೆ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಲವತ್ತು ಐವತ್ತರ ವೇಗದಲ್ಲಿ, ಕಿಟಕಿ ಇಳಿಸಿ, ರೇಡಿಯೊ ಬಂದ್ ಮಾಡಿ, ಮೆಲ್ಲಗೆ ಎಡಕ್ಕೆ, ಆಮೇಲೆ ಬಲಕ್ಕೆ ವಾಲಿಸಿ. ಎಡಕ್ಕೆ ತಿರುಗಿದಾಗ ಭಾರ ಬಲಗಾಲಿಗಳ ಮೇಲೆ ಬೀಳುತ್ತದೆ. ಹಾಗಾಗಿ ಎಡ ತಿರುವಿನಲ್ಲಿ ಸದ್ದು ಏರಿದರೆ ಸಾಮಾನ್ಯವಾಗಿ ಕೆಟ್ಟಿರುವುದು ಬಲಗಡೆಯದು. ಭಾವನ ಕಾರಿನಲ್ಲಿ ಎಡ ತಿರುವಿಗೆ ಸದ್ದು ಬರುತ್ತದೆ ಅಂತ ಎಡಗಾಲಿಯನ್ನೇ ಬಿಚ್ಚಿ ಕೂತಿದ್ದರು.

ಈಗ ಜ್ಯಾಕ್. ಎರೆನೆಲದ ಮೇಲೆ ಬೇಡ, ಹೂತುಹೋಗುತ್ತದೆ. ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡ್ ಕೊಡಿ. ನಮ್ಮ ಕಡೆ ಅಂಗಳದಲ್ಲಿರುವ ಫರ್ಸಿ ಚಪ್ಪಡಿಗಳನ್ನೇ ಪೇರಿಸಿ ಆನಿಸುತ್ತಾರೆ. ಆ ಕಲ್ಲು ಭಾರಕ್ಕೆ ಫಟ್ಟನೆ ಒಡೆಯುತ್ತದೆ. ನೆಲದ ಮೇಲಿರುವ ಗಾಲಿಗಳಿಗೆ ಉರುಳದಂತೆ ಅಡ್ಡಗಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ. ಗಾಲಿಯ ಮೇಲೊಂದು, ಕೆಳಗೊಂದು ಕೈಯಿಟ್ಟು ಅಲುಗಿಸಿ. ‘ಕಟ್’ ಅಂದರೆ ಸಡಿಲು. ಅಲುಗಾಟ ಇಲ್ಲದಿದ್ದರೂ ಬೇರಿಂಗ್ ಕೆಟ್ಟಿರಬಹುದು. ಆಗ ಇನ್ನೊಬ್ಬರು ಕೈಯಿಂದ ಗಾಲಿ ತಿರುಗಿಸಲಿ, ನೀವು ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಬೆರಳ ತುದಿ ಇಡಿ. ಸುರುಳಿಗಳ ನಡುವೆ ತೂರಿಸಬೇಡಿ. ಒಳ್ಳೆಯ ಬೇರಿಂಗ್ ಇದ್ದರೆ ಸ್ಪ್ರಿಂಗ್ ಸುಮ್ಮನಿರುತ್ತದೆ. ಕೆಟ್ಟಿದ್ದರೆ ಬೀಸುಕಲ್ಲಿನಲ್ಲಿ ಮರಳು ಸಿಕ್ಕ ಹಾಗೆ ತರತರ ಬೆರಳಿಗೆ ಹತ್ತುತ್ತದೆ. ಅನುಮಾನವಿದ್ದರೆ ಎದುರು ಗಾಲಿಯ ಜತೆ ಹೋಲಿಸಿ.

ಬೇರಿಂಗ್ ಸರಿಯಿದ್ದೂ ಗಾಡಿ ತಾನೇ ಬ್ರೇಕ್ ಹಾಕಿದರೆ, ಇತ್ತೀಚೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೀರಾ ನೆನಪಿಸಿಕೊಳ್ಳಿ. ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಸೆನ್ಸರ್‌ಗೆ ನೇರ ಇರುವ ಸ್ಥಾನವನ್ನು ಸೊನ್ನೆ ಅಂತ ಮರುಹೊಂದಿಸದೆ ಬಿಟ್ಟಿರಬಹುದು. ಇದಕ್ಕೆ ಎಬಿಎಸ್ ಓದುವ ಸ್ಕ್ಯಾನರ್ ಬೇಕು. ಆನ್‌ಲೈನಿನ ಅಗ್ಗದ ಬ್ಲೂಟೂತ್ ತುಂಡುಗಳಲ್ಲಿ ಹೆಚ್ಚಿನವು ಎಂಜಿನ್ ಬಿಟ್ಟು ಬೇರೇನೂ ಓದುವುದಿಲ್ಲ. ಎಬಿಎಸ್ ಫ್ಯೂಸ್ ಕಿತ್ತು ಓಡಿಸಿ ಅನ್ನುವವರ ಮಾತು ಕೇಳಲೇಬೇಡಿ. ಎಬಿಎಸ್ ಜತೆಗೆ ಮುಂದೆ ಹಿಂದೆ ಬ್ರೇಕ್ ಹಂಚುವ ವ್ಯವಸ್ಥೆಯೂ ನಿಂತುಹೋಗಿ, ಜೋರಾಗಿ ಬ್ರೇಕ್ ತುಳಿದಾಗ ಹಿಂದಿನ ಗಾಲಿಗಳು ಲಾಕ್ ಆಗಬಹುದು.

ಹೊಸ ಬೇರಿಂಗ್ ಕೂಡಿಸುವಾಗ ಎದುರಿಗೇ ನಿಲ್ಲಿ. ಸುತ್ತಿಗೆ ಎತ್ತಿದರೆ ತಡೆಯಿರಿ. ಪ್ರೆಸ್ಸಿನಿಂದಲೇ, ಹೊರಬಳೆಯ ಮೇಲೆ ಒತ್ತಿ ಕೂಡಿಸಬೇಕು. ಒಂದು ಮಗ್ಗುಲಲ್ಲಿ ಅಯಸ್ಕಾಂತದ ಪಟ್ಟಿ ಇರುವ ಬೇರಿಂಗ್ ಆದರೆ ಆ ಮಗ್ಗುಲು ಸೆನ್ಸರ್ ಕಡೆಗಿರಲಿ. ತಿರುಗುಮುರುಗಾದರೆ ಎಬಿಎಸ್ ದೀಪ ಹೊತ್ತಿಕೊಂಡೇ ಇರುತ್ತದೆ, ಕೆಲಸವೆಲ್ಲ ಮೊದಲಿಂದ ಮಾಡಬೇಕು.

ಹಳೆಯದನ್ನು ಕೇಳಿ ಇಸಿದುಕೊಂಡು ಬೆರಳಲ್ಲಿ ತಿರುಗಿಸಿ ನೋಡಿ. ಭಾವನ ಕಾರಿನದು ಅರ್ಧ ಸುತ್ತಿಗೇ ತಡವರಿಸಿ, ಅಂಗೈಗೆ ಇಟ್ಟಿಗೆ ಬಣ್ಣದ ತುಕ್ಕು ಉದುರಿಸಿತ್ತು. ನಿಮ್ಮದು ಬೆಣ್ಣೆಯ ಹಾಗೆ ತಿರುಗಿದರೆ ಬಿಚ್ಚಿದ್ದು ತಪ್ಪು ಗಾಲಿ ಇರಬಹುದು. ಎದುರಿನದಕ್ಕೆ ಜ್ಯಾಕ್ ಕೊಡಿಸಿ.