ಬರಿಗೈಲಿ ಎದ್ದು ಹೋದವರನ್ನೂ ಎಣಿಸಬೇಕು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿ ಮೇಲೆ ಬೆಳಿಗ್ಗೆ ಆರು ಗಂಟೆಗೆ ನಿಂತರೆ ಮೊದಲು ಕಾಣುವುದು ತೆಪ್ಪಗಳು. ಬಲೆ ಬಿಡುವವರ ಮೀನು ದಡಕ್ಕೆ ಬಂದ ಕೂಡಲೇ ತೂಕ ಆಗುತ್ತದೆ, ಪುಸ್ತಕಕ್ಕೆ ಏರುತ್ತದೆ. ಆದರೆ ತೂಬಿನ ಹತ್ತಿರ ಕಲ್ಲಿನ ಮೇಲೆ ಗಾಳ ಹಾಕಿ ಕೂತವರ ಮೀನು ಯಾರ ಪುಸ್ತಕದಲ್ಲೂ ಇಲ್ಲ. ಅದು ಟವೆಲ್‌ನಲ್ಲಿ ಸುತ್ತಿಕೊಂಡು ಸೀದಾ ಮನೆಯ ಸಾರಿಗೆ ಹೋಗುತ್ತದೆ. ಆ ಲೆಕ್ಕ ಹಿಡಿಯಬೇಕು ಅಂತ ನಾನು ಹೊರಟಿದ್ದು.

ಸೂಳೆಕೆರೆ ಅಂದರೆ ಸುಮ್ನೆ ಅಲ್ಲ. ಶಾಂತಿಸಾಗರ ಅಂತಲೂ ಹೆಸರಿರುವ ಈ ಕೆರೆ ತುಂಬಿದಾಗ ಸುಮಾರು 27 ಚದರ ಕಿಲೋಮೀಟರ್ ಹರಡುತ್ತದೆ. ಒಬ್ಬನೇ ಬೈಕಿನಲ್ಲಿ ಸುತ್ತಿ ಎಲ್ಲರನ್ನೂ ಎಣಿಸುತ್ತೇನೆ ಅಂದರೆ ಆಗುವ ಮಾತಲ್ಲ. ಹಾಗಾಗಿ ಏರಿ ಮತ್ತು ಅದರ ಪಕ್ಕದ ಒಂದಷ್ಟು ದಡ, ಇಷ್ಟನ್ನೇ ಇಟ್ಟುಕೊಂಡೆ. ನನ್ನ ಲೆಕ್ಕ ಆ ಭಾಗಕ್ಕೆ ಮಾತ್ರ, ಇಡೀ ಕೆರೆಗೆ ಅಲ್ಲ ಅಂತ ಪ್ರತಿ ಹಾಳೆಯ ತಲೆಯಲ್ಲೂ ಬರೆದಿಟ್ಟೆ.

ಮೊದಲ ಕೆಲವು ವಾರ ನಾನು ಮಾಡಿದ್ದು ತಪ್ಪು. ಯಾರ ಬಕೆಟ್‌ನಲ್ಲಿ ಮೀನು ಇದೆಯೋ ಅವರ ಹತ್ತಿರ ಹೋಗಿ ಕೂರುತ್ತಿದ್ದೆ. ಅಳೆಯಲು ಏನಾದರೂ ಇರುತ್ತದೆ, ಅವರಿಗೂ ಮಾತಾಡಲು ಖುಷಿ. ಒಂದು ದಿನ ತೂಬಿನ ಹತ್ತಿರದ ಅಜ್ಜ ಒಬ್ಬರು ನಾನು ಅವರನ್ನು ದಾಟಿ ಹೋಗುವುದನ್ನು ನೋಡಿ ಕರೆದರು.

"ಏನಪ್ಪಾ, ಎಲ್ಲರ್ದೂ ಬರ್ಕೊಂಡೆ, ನಂದು ಬೇಡ್ವಾ?"

"ಏನಾದ್ರೂ ಬಿತ್ತಾ ಅಜ್ಜ?"

"ಇಲ್ಲ. ಆರು ಗಂಟೆಯಿಂದ ಕೂತಿದೀನಿ."

ಆಗ ಗಂಟೆ ಹತ್ತು. ನಾಲ್ಕು ಗಂಟೆ, ಸೊನ್ನೆ ಮೀನು. ಮೀನು ಸಿಕ್ಕವರನ್ನೇ ಹುಡುಕಿಕೊಂಡು ಹೋದರೆ ಕೆರೆ ತುಂಬಾ ಮೀನಿದೆ ಅಂತಲೇ ಉತ್ತರ ಬರುತ್ತದೆ, ಅಲ್ವಾ? ಅಂದು ರಾತ್ರಿ ಆವರೆಗಿನ ಹಾಳೆಗಳನ್ನೆಲ್ಲ ಬೇರೆ ಕಟ್ಟು ಮಾಡಿ ಎತ್ತಿಟ್ಟೆ. ಅವನ್ನು ಲೆಕ್ಕಕ್ಕೆ ಬಳಸಲೇ ಇಲ್ಲ.

ಆಮೇಲೆ ಕೆಲಸಕ್ಕೆ ಒಂದು ಕಟ್ಟುಪಾಡು ಹಾಕಿಕೊಂಡೆ. ಭಾನುವಾರ ಬರುವವರೇ ಬೇರೆ, ಮಂಗಳವಾರ ಬರುವವರೇ ಬೇರೆ. ಅದಕ್ಕೆ ರಜಾ ದಿನ, ಕೆಲಸದ ದಿನ ಅಂತ ಎರಡು ಗುಂಪು. ಯಾವ ದಿನ ಹೋಗಬೇಕು, ಎಷ್ಟು ಗಂಟೆಗೆ ಶುರು ಮಾಡಬೇಕು, ಏರಿಯ ಯಾವ ಕೊನೆಯಿಂದ ಹೊರಡಬೇಕು, ಎಲ್ಲವನ್ನೂ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದೆ. ನನಗೆ ಅನುಕೂಲವಾದ ಹೊತ್ತಿಗೆ ಹೋದರೆ ಆ ಹೊತ್ತಿನ ಜನ ಮಾತ್ರ ಸಿಗುತ್ತಾರೆ. ಮಧ್ಯಾಹ್ನ ಎರಡು ಗಂಟೆಯ ಚೀಟಿ ಬಂದರೆ ಬಿಸಿಲಲ್ಲೇ ಹೋಗಬೇಕು. ಯಾರೂ ಇಲ್ಲದಿದ್ದರೆ "ಯಾರೂ ಇಲ್ಲ" ಅಂತ ಬರೆಯಬೇಕು. ಅದೂ ಲೆಕ್ಕವೇ.

ಎಣಿಕೆ ಬೇರೆ, ಮಾತುಕತೆ ಬೇರೆ. ಮೊದಲು ಎಲ್ಲೂ ನಿಲ್ಲದೆ ಒಂದು ಸುತ್ತು ಹೋಗಿ ತಲೆ ಎಣಿಸುತ್ತಿದ್ದೆ. ಗಾಳ ಅಲ್ಲ, ತಲೆ. ಒಬ್ಬರೇ ಮೂರು ಕೋಲು ನೆಟ್ಟು ಕೂರುವುದುಂಟು. ಒಂದು ದಿನದಲ್ಲಿ ಮೂರು ಸುತ್ತಿಗೆ 8, 14, 11 ಜನ ಸಿಕ್ಕರು ಅಂದುಕೊಳ್ಳಿ. ಸರಾಸರಿ 11. ಹಗಲಿನ 12 ಗಂಟೆಗೆ ಗುಣಿಸಿದರೆ 132. ಇದಕ್ಕೆ ನಾನು ಗಾಳ-ಗಂಟೆ ಅಂತ ಹೆಸರಿಟ್ಟುಕೊಂಡೆ. ಒಂದು ಗಂಟೆಗೆ ಒಬ್ಬರಿಗೆ ಸರಾಸರಿ ಎಷ್ಟು ಮೀನು ಅಂತ ಗೊತ್ತಾದರೆ, ಎರಡನ್ನೂ ಗುಣಿಸಿ ಆ ದಿನ ಹಿಡಿದ ಮೀನಿನ ಅಂದಾಜು ಸಿಗುತ್ತದೆ.

ಕಷ್ಟ ಇರುವುದು ಆ ಸರಾಸರಿಯಲ್ಲೇ. ಮನೆಗೆ ಹೊರಟವರು ಸಿಕ್ಕರೆ ಸಲೀಸು. ಎಲ್ಲರ ಮೀನು ಕೂಡಿಸು, ಎಲ್ಲರ ಗಂಟೆ ಕೂಡಿಸು, ಭಾಗಿಸು. ಆದರೆ ಸುತ್ತು ಹೊಡೆಯುವಾಗ ಸಿಗುವವರು ಇನ್ನೂ ಗಾಳ ಎತ್ತಿರುವುದಿಲ್ಲ. ಅದರಲ್ಲೂ ಜಾಸ್ತಿ ಹೊತ್ತು ಕೂರುವವರೇ ನಮ್ಮ ಕಣ್ಣಿಗೆ ಜಾಸ್ತಿ ಬೀಳುತ್ತಾರೆ. ಅರ್ಧ ಗಂಟೆ ಬಂದು ಹೋದವರು ತಪ್ಪಿಹೋಗುತ್ತಾರೆ. ಅದಕ್ಕೆ ಇಲ್ಲಿ ಒಬ್ಬೊಬ್ಬರಿಗೆ ಗಂಟೆಗೆ ಎಷ್ಟು ಮೀನು ಅಂತ ಬೇರೆ ಬೇರೆ ತೆಗೆದು, ಆಮೇಲೆ ಸರಾಸರಿ ಮಾಡಬೇಕು. ಕೂತು ಅರ್ಧ ಗಂಟೆ ಆಗದವರನ್ನು ಈ ಸರಾಸರಿಗೆ ಸೇರಿಸಬಾರದು. ಹತ್ತು ನಿಮಿಷಕ್ಕೆ ಎರಡು ಮೀನು ಎತ್ತಿದ ಹುಡುಗನನ್ನು ಸೇರಿಸಿದರೆ ಗಂಟೆಗೆ 12 ಮೀನು ಆಗುತ್ತದೆ. ಅಂಥ ಇಬ್ಬರು ಸಾಕು, ಇಡೀ ದಿನದ ಲೆಕ್ಕ ಕೆಡಲು.

ಜನ ಮೊದಮೊದಲು ಹೆದರುತ್ತಿದ್ದರು. ಗುತ್ತಿಗೆದಾರರ ಕಡೆಯವನು, ದಂಡ ಹಾಕುವವನು ಅಂತ. ಚೀಲ ಹಿಂದಕ್ಕೆ ಸರಿಸಿಬಿಡುತ್ತಿದ್ದರು. ನಾನು ಹೆಸರು ಕೇಳುವುದನ್ನೇ ಬಿಟ್ಟೆ. "ಎಷ್ಟೊತ್ತಿಗೆ ಬಂದ್ರಿ, ಏನು ಹುಳ ಹಾಕಿದೀರಿ" ಅಂತ ಶುರು ಮಾಡುತ್ತಿದ್ದೆ. ಎರೆಹುಳವೋ ಮೈದಾ ಉಂಡೆಯೋ ಅನ್ನುವ ಮಾತು ಬಂದರೆ ಯಾರಾದರೂ ಬಾಯಿ ಬಿಡುತ್ತಾರೆ. ಎಷ್ಟು ಸಿಕ್ಕಿತು ಅಂತ ಬಾಯಿ ಮಾತಿನಲ್ಲಿ ಕೇಳಿದರೆ "ಒಂದು ಹತ್ತು", "ಒಂದು ಇಪ್ಪತ್ತು" ಅನ್ನುತ್ತಾರೆ. ಸುಳ್ಳಲ್ಲ, ಮಾತಿನ ರೂಢಿ. ತೋರಿಸಿ ಅಂತ ಕೇಳಿ ಎಣಿಸಿದರೆ ಏಳು, ಹದಿನಾರು. ಕಣ್ಣಾರೆ ನೋಡಿದ್ದನ್ನು ಒಂದು ಕಾಲಂನಲ್ಲಿ, ಹೇಳಿದ್ದನ್ನು ಇನ್ನೊಂದರಲ್ಲಿ ಬರೆದೆ. ಎರಡನ್ನೂ ಯಾವತ್ತೂ ಕೂಡಿಸಲಿಲ್ಲ.

ಅಳತೆಗೆ ಒಂದು ಹಲಗೆ ಮಾಡಿಸಿಕೊಂಡಿದ್ದೆ. ಒಂದು ತುದಿಗೆ ಅಡ್ಡಪಟ್ಟಿ, ಮಧ್ಯೆ ಅಂಟಿಸಿದ ಸ್ಕೇಲು. ಹಲಗೆಗೂ ಕೈಗೂ ನೀರು ಹಚ್ಚಿ ಮೀನಿನ ಮೂತಿಯನ್ನು ಪಟ್ಟಿಗೆ ತಾಗಿಸಿ, ಬಾಲದ ಎರಡು ಕವಲನ್ನೂ ಬೆರಳಲ್ಲಿ ಒತ್ತಿ ಸೇರಿಸಿ ಓದಬೇಕು. ಒಣಗಿದ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ. ವಾಪಸ್ ಬಿಡುವ ಮರಿಗೆ ಅದು ಒಳ್ಳೆಯದಲ್ಲ. ಬರೆಯಲು ಪೆನ್ಸಿಲ್ಲೇ ಆಗಬೇಕು, ಒದ್ದೆ ಕೈಗೆ ಪೆನ್ನಿನ ಶಾಯಿ ಹರಡಿಬಿಡುತ್ತದೆ.

ನನ್ನ ಹಲಗೆ ಮೇಲೆ ಜಾಸ್ತಿ ಬಂದಿದ್ದು ಜಿಲೇಬಿ. ತಿಲಾಪಿಯಾ ಅಂತಾರಲ್ಲ, ಅದೇ. 1952ರಲ್ಲಿ ಹೊರಗಿನಿಂದ ನಮ್ಮ ದೇಶಕ್ಕೆ ತಂದ ಮೀನು. ಒಮ್ಮೆ ಅಂಗೈ ಅಗಲದ ಒಂದು ಜಿಲೇಬಿಯನ್ನು ಹಲಗೆ ಮೇಲೆ ಇಟ್ಟೆ. ಬಾಯಿ ತೆರೆಯಿತು. ಸಾಸಿವೆ ಕಾಳಿಗೆ ಕಣ್ಣು ಬರೆದ ಹಾಗಿದ್ದ ಮರಿಗಳು ಸ್ಕೇಲಿನ ಮೇಲೆ ಸುರಿದವು. ತಾಯಿ ಮರಿಗಳನ್ನು ಬಾಯಲ್ಲಿಟ್ಟು ಕಾಯುತ್ತದೆ ಅಂತ ಓದಿದ್ದೆ, ಕಂಡಿದ್ದು ಅವತ್ತೇ. ಹಿಡಿದವರು ಏನೂ ಹೇಳದೆ ತಾಯಿಯನ್ನು ನೀರಿಗೆ ಬಿಟ್ಟರು. ನಾನು ಹಲಗೆಯನ್ನು ನೀರಲ್ಲಿ ಅದ್ದಿ ಮರಿಗಳನ್ನು ಬಿಟ್ಟೆ. ಹಾಳೆಯಲ್ಲಿ "ಹಿಡಿದು ಬಿಟ್ಟದ್ದು, 1" ಅಂತ ಬರೆದೆ. ಅಲ್ಲಿವರೆಗೆ ಆ ಕಾಲಂ ಖಾಲಿ ಇತ್ತು. ಬಿಟ್ಟ ಮೀನನ್ನೂ ಕೇಳಿ ಬರೆಯದಿದ್ದರೆ ಗಾಳಕ್ಕೆ ಏನು ಬೀಳುತ್ತದೆ ಅನ್ನುವುದು ಅರ್ಧ ಮಾತ್ರ ಗೊತ್ತಾಗುತ್ತದೆ. ಕೊರವ ಮೀನು ಸಿಕ್ಕವರು ಮಾತ್ರ ಯಾವತ್ತೂ ಬಿಡಲಿಲ್ಲ. ಅದರ ರುಚಿ, ಅದರ ಬೆಲೆ ಅಂಥದ್ದು.

ನಾಲ್ಕನೇ ತಿಂಗಳಿಗೆ ಜನ ನನ್ನನ್ನು ಹಚ್ಚಿಕೊಂಡಿದ್ದರು. ಒಂದು ಸಂಜೆ ಸುತ್ತು ಮುಗಿಸಿ ಬೈಕ್ ಸ್ಟಾರ್ಟ್ ಮಾಡುತ್ತಿದ್ದೆ. ಒಬ್ಬ ಹುಡುಗ ಏರಿ ಮೇಲೆ ಓಡಿ ಬಂದ.

"ಸಾರ್, ತೂಬಿನ ಅಜ್ಜ ಹೇಳಿ ಕಳಿಸಿದ್ರು. ಮೂರು ಗಂಟೆಯಿಂದ ಕೂತಿದ್ರಂತೆ, ಏನೂ ಬಿದ್ದಿಲ್ವಂತೆ. ಬರ್ಕೋಬೇಕಂತೆ."

ಬೈಕ್ ಆಫ್ ಮಾಡಿ ಪೆನ್ಸಿಲ್ ತೆಗೆದೆ.